ತಾಳ ಹಿಡಿದು ರಂಗ ಆಳಿದ ಗುಂಡ್ಮಿ ಕಾಳಿಂಗ ನಾವಡರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನನ್ನ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಉಳಿದಿರುವ ಒಬ್ಬ ವ್ಯಕ್ತಿಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಒಪ್ಪಿದರು. ಆ ವ್ಯಕ್ತಿ ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು. ನಾನು ಅವರನ್ನು ನೋಡಿದವನಲ್ಲ. ಅವರು ತೀರಿಕೊಂಡದ್ದು 1990ರ ಮೇ ತಿಂಗಳಲ್ಲಿ, ನಾನು ಹುಟ್ಟಿದ್ದು ಅದೇ ವರ್ಷದ ಮಳೆಗಾಲದಲ್ಲಿ. ಹಾಗಿದ್ದರೂ ನಮ್ಮ ಮನೆಯಲ್ಲಿ ಅವರ ಸ್ವರ ಕೇಳದ ದಿನ ಕಡಿಮೆ. ಅಪ್ಪನ ಬಳಿ ಒಂದು ಟೇಪ್‌ರೆಕಾರ್ಡರ್ ಮತ್ತು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್‌ಗಳಿದ್ದವು. ಆ ಕ್ಯಾಸೆಟ್‌ಗಳಲ್ಲಿ ಒಂದಕ್ಕೆ ನಾನು ಮಾಡಿದ ಒಂದು ತಪ್ಪು ಈ ಲೇಖನಕ್ಕೆ ಕಾರಣ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಭಾಗವತ ಎಂದರೆ ಯಾರು ಎಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ಊರಿನ ಹಿರಿಯರಿಗೆ ಇದು ಬೇಡದ ವಿವರಣೆ. ಆದರೆ ಈಗಿನ ಮಕ್ಕಳಿಗೆ ಬೇಕಾಗಬಹುದು, ನನಗೂ ಅದು ಸರಿಯಾಗಿ ಅರ್ಥವಾದದ್ದು ದೂರದ ದೇಶಕ್ಕೆ ಹೋದ ಮೇಲೆಯೇ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ನಂತರ ಕಂಪೆನಿಯ ಕೆಲಸಕ್ಕಾಗಿ ಜರ್ಮನಿಗೆ ಹೋಗಿದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಒಪೆರಾ ನೋಡಲು ಕರೆದುಕೊಂಡು ಹೋದರು. ಆಡಿದ್ದು ಮೊಜಾರ್ಟ್ ಎಂಬ ಸಂಗೀತಗಾರ ರಚಿಸಿ, 1791ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿ ಆಡಿದ ಮಾಯಾ ಕೊಳಲಿನ ಕಥೆ. ಪಾತ್ರಗಳು ಬಣ್ಣದ ಉಡುಗೆಯಲ್ಲಿ ಬಂದು ಹಾಡುತ್ತಾ ಕಥೆ ನಡೆಸಿದರು. ರಂಗದ ಮುಂದಿನ ಹಳ್ಳದಂಥ ಜಾಗದಲ್ಲಿ ವಾದ್ಯದವರು ಕುಳಿತಿದ್ದರು. ಅವರ ಎದುರು ಒಬ್ಬರು ನಮಗೆ ಬೆನ್ನು ಹಾಕಿ ನಿಂತು, ಕೈಯಲ್ಲೊಂದು ಸಣ್ಣ ಕೋಲು ಹಿಡಿದು, ವಾದ್ಯದವರನ್ನೂ ಹಾಡುವವರನ್ನೂ ನಡೆಸುತ್ತಿದ್ದರು. ಎಲ್ಲಿ ನಿಧಾನ, ಎಲ್ಲಿ ವೇಗ, ಯಾರು ಯಾವಾಗ ಹಾಡಲು ಶುರು ಮಾಡಬೇಕು ಎಲ್ಲವೂ ಅವರ ಕೈಯಲ್ಲಿ. ಅವರಿಗೆ ಕಂಡಕ್ಟರ್ ಎನ್ನುತ್ತಾರೆ ಎಂದು ನನ್ನ ಸ್ನೇಹಿತರು ವಿವರಿಸಿದರು. ನಮ್ಮಲ್ಲೂ ಇಂಥವರು ಇದ್ದಾರೆ, ನಾವು ಭಾಗವತರು ಎನ್ನುತ್ತೇವೆ ಎಂದು ನಾನು ಹೇಳಿದೆ. ಹೇಳುತ್ತಾ ಹೋದಂತೆ ವ್ಯತ್ಯಾಸವೂ ತಿಳಿಯಿತು. ಅಲ್ಲಿ ನಡೆಸುವವರು ಹಾಡುವುದಿಲ್ಲ, ಹಾಡುವವರು ನಡೆಸುವುದಿಲ್ಲ. ಕಲಿಸುವವರು ಹೆಚ್ಚಾಗಿ ಮೂರನೆಯವರು. ನಮ್ಮ ಭಾಗವತರು ಈ ಮೂರನ್ನೂ ಒಬ್ಬರೇ ಮಾಡುತ್ತಾರೆ, ಅದೂ ಮುಂದೆ ಸ್ವರಲಿಪಿಯ ಹಾಳೆ ಇಲ್ಲದೆ.

ಬಡಗುತಿಟ್ಟಿನ ಆಟದಲ್ಲಿ ಭಾಗವತರು ರಂಗದ ಹಿಂಬದಿಯಲ್ಲಿ ಮದ್ದಳೆ, ಚಂಡೆಯವರ ಜೊತೆಗಿರುತ್ತಾರೆ. ಕೈಯಲ್ಲಿ ತಾಳ. ಪದ್ಯ ಹೇಳುವವರು ಅವರು, ತಾಳ ಹಾಕುವವರು ಅವರು, ವೇಷ ಯಾವಾಗ ಪ್ರವೇಶ ಮಾಡಬೇಕು ಎಂದು ನಿರ್ಧರಿಸುವವರೂ ಅವರು. ವೇಷಧಾರಿಗಳ ಮಾತಿಗೆ ಎದುರು ಮಾತಾಡಿ ಕಥೆಯನ್ನು ಮುಂದಕ್ಕೆ ತರುತ್ತಾರೆ. ಬೆಳಗಾಗುವ ಹೊತ್ತಿಗೆ ಪ್ರಸಂಗ ಮುಗಿಯಬೇಕು. ಯಾರಾದರೂ ಅರ್ಥ ಹೇಳುತ್ತಾ ಅತಿಯಾಗಿ ಎಳೆದರೆ ಮುಂದಿನ ಪದ್ಯ ಎತ್ತಿಕೊಂಡು ನಿಲ್ಲಿಸುತ್ತಾರೆ. ಹೊಸ ಹುಡುಗನ ಹೆಜ್ಜೆ ತಪ್ಪಿದರೆ ತಾಳದಲ್ಲೇ ಹಿಡಿದು ಸರಿ ಮಾಡುತ್ತಾರೆ. ಅದಕ್ಕೇ ಹಿರಿಯರು ಭಾಗವತರನ್ನು ಮೊದಲನೇ ವೇಷಧಾರಿ ಎಂದು ಕರೆದದ್ದು. ಬಣ್ಣ ಹಚ್ಚದ ವೇಷಧಾರಿ.

ಗುಂಡ್ಮಿ ನಮಗೇನೂ ದೂರವಲ್ಲ. ಉಡುಪಿಯಿಂದ ಕುಂದಾಪುರದ ಕಡೆ ಹೋಗುವಾಗ ಬ್ರಹ್ಮಾವರ, ಸಾಸ್ತಾನ ದಾಟಿದರೆ ಸಾಲಿಗ್ರಾಮಕ್ಕಿಂತ ಮೊದಲು ಸಿಗುವ ಊರು. ಪಕ್ಕದಲ್ಲೇ ಕೋಟ, ಶಿವರಾಮ ಕಾರಂತರ ಹುಟ್ಟೂರು. ಈ ಊರುಗಳ ಸಾಲಿನಲ್ಲಿ ಯಕ್ಷಗಾನ ಎನ್ನುವುದು ಮನೆಯ ಮಾತಿನಷ್ಟೇ ಸಹಜ. ಕಾಳಿಂಗ ನಾವಡರು ಇಲ್ಲಿ 1958ರ ಜೂನ್ 6ರಂದು ಹುಟ್ಟಿದರು. ಆಗ ಇದು ದಕ್ಷಿಣ ಕನ್ನಡ ಜಿಲ್ಲೆ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಅಂದರೆ ತೊಟ್ಟಿಲಲ್ಲಿ ಇದ್ದಾಗಲೇ ಪದ್ಯ ಮತ್ತು ತಾಳ ಕಿವಿಗೆ ಬಿದ್ದಿರಬೇಕು. ಕಾರಂತರ ಯಕ್ಷಗಾನ ಬಯಲಾಟ ಎಂಬ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1959ರಲ್ಲಿ. ನಮ್ಮ ಗದ್ದೆಯ ಆಟವನ್ನು ದೇಶದ ವಿದ್ವಾಂಸರು ಗಂಭೀರವಾಗಿ ನೋಡತೊಡಗಿದ ಕಾಲದಲ್ಲಿ ಈ ಹುಡುಗ ಬೆಳೆದ.

ಹದಿಹರೆಯದಲ್ಲೇ ಅವರು ಮೇಳದ ಹಾದಿ ಹಿಡಿದರು. ಅವರನ್ನು ಭಾಗವತನನ್ನಾಗಿ ರೂಪಿಸಿದ ಗುರು ನಾರ್ಣಪ್ಪ ಉಪ್ಪೂರರು. ಕೋಟದ ಅಮೃತೇಶ್ವರಿ ಮೇಳದ ಪ್ರಧಾನ ಭಾಗವತರಾಗಿದ್ದ ಉಪ್ಪೂರರ ಹೆಸರು ಹೇಳಿದರೆ ಇಂದಿಗೂ ಹಳಬರು ಎದ್ದು ಕೂರುತ್ತಾರೆ. ಅವರ ತಾಳ ತಪ್ಪುವುದಿಲ್ಲ, ಪ್ರಸಂಗದ ನಡೆ ತಪ್ಪುವುದಿಲ್ಲ, ಯಾವ ಪದ್ಯಕ್ಕೆ ಯಾವ ವೇಗ ಎಂಬ ಲೆಕ್ಕ ತಪ್ಪುವುದಿಲ್ಲ ಎನ್ನುವುದು ಅವರನ್ನು ಕೇಳಿದವರೆಲ್ಲರ ಅಭಿಪ್ರಾಯ. ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರದಲ್ಲಿಯೂ ಅವರು ಗುರುಗಳಾಗಿ ಅನೇಕರಿಗೆ ಭಾಗವತಿಕೆ ಕಲಿಸಿದರು.

ಭಾಗವತಿಕೆ ಕಲಿಯುವುದು ಎಂದರೆ ಕಂಠ ತಿದ್ದಿಕೊಳ್ಳುವುದು ಮಾತ್ರ ಅಲ್ಲ. ಕಲಿಕೆ ಶುರುವಾಗುವುದು ತಾಳದಿಂದ. ಏಕ, ಆದಿ, ರೂಪಕ, ಝಂಪೆ, ತ್ರಿಪುಟ, ಅಷ್ಟ, ಮಟ್ಟೆ ಹೀಗೆ ಒಂದೊಂದನ್ನೂ ಕೈಯಲ್ಲಿ ಹಾಕಿ, ಬಾಯಿತಾಳ ಹೇಳಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದಷ್ಟು ಗಟ್ಟಿ ಮಾಡಬೇಕು. ರೂಪಕಕ್ಕೆ 6 ಮಾತ್ರೆ, ತ್ರಿಪುಟಕ್ಕೆ 7. ಒಂದು ಎಣಿಕೆ ಜಾರಿದರೆ ಕುಣಿಯುವವನ ಕಾಲು ಜಾರುತ್ತದೆ. ಆಮೇಲೆ ಪದ್ಯ. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದ್ಯದ ಮೇಲೆ ರಾಗ ತಾಳ ಬರೆದಿರುತ್ತದೆ, ಆದರೆ ಅದನ್ನು ಹೇಳುವ ಮಟ್ಟು ಪುಸ್ತಕದಲ್ಲಿ ಇರುವುದಿಲ್ಲ. ಅದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರಬೇಕು. ತಾಳವಿಲ್ಲದೆ ಹೇಳುವ ಕಂದ, ಭಾಮಿನಿ, ವಾರ್ಧಕಗಳನ್ನು ಮಾತು ಸ್ಪಷ್ಟವಾಗಿ ಕೇಳುವ ಹಾಗೆ ಹೇಳಬೇಕು. ಯುದ್ಧಕ್ಕೆ ಏರುಪದ. ಕುಣಿತ ನಿಲ್ಲಿಸಲು ಮುಕ್ತಾಯ, ಬಿಡ್ತಿಗೆ. ಇವೆಲ್ಲ ಬಂದ ಮೇಲೆ ರಾತ್ರಿ ಪೂರ್ತಿ ಸ್ವರವನ್ನು ಉಳಿಸಿಕೊಳ್ಳುವ ವಿದ್ಯೆ ಕಲಿಯಬೇಕು. ಒಂದು ದಿನ ಅಲ್ಲ, ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಆರು ತಿಂಗಳು, ದಿನಕ್ಕೊಂದು ಊರಿನಲ್ಲಿ.

ಮೇಳದೊಳಗೂ ಮೆಟ್ಟಿಲುಗಳಿವೆ. ಹೊಸಬನನ್ನು ಸಂಗೀತಗಾರ ಎನ್ನುತ್ತಾರೆ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ ಪೂರ್ವರಂಗದ ಪದ್ಯ ಹೇಳುವುದು ಅವನ ಕೆಲಸ. ಅವನ ಮೇಲಿನವರು ಮಧ್ಯರಾತ್ರಿವರೆಗೆ ಹೇಳುತ್ತಾರೆ. ಪ್ರಧಾನ ಭಾಗವತರು ರಂಗಕ್ಕೆ ಬರುವುದು ಅದರ ನಂತರ, ಬೆಳಗಿನವರೆಗೆ ಆಟ ಅವರದು. ಕಿರಿಯನಾದವನು ತನ್ನ ಪಾಲು ಮುಗಿಸಿ ಮಲಗಬಹುದು. ಆದರೆ ಕಲಿಯಬೇಕೆಂಬ ಹುಡುಗ ಮಲಗುವುದಿಲ್ಲ. ಗುರು ಪದ್ಯ ಎತ್ತುವುದನ್ನು, ಚಂಡೆಯವರಿಗೆ ಕಣ್ಣಲ್ಲೇ ಸನ್ನೆ ಮಾಡುವುದನ್ನು, ವೇಷಧಾರಿಯ ಆಯಾಸ ನೋಡಿ ವೇಗ ಇಳಿಸುವುದನ್ನು ಕುಳಿತು ನೋಡುತ್ತಾನೆ. ಉಪ್ಪೂರರಂಥ ಗುರುವಿನ ಹತ್ತಿರ ಕಲಿತದ್ದರ ಫಲ ನಾವಡರ ಹಾಡಿನಲ್ಲಿ ಕೊನೆಯವರೆಗೂ ಕೇಳಿಸುತ್ತದೆ. ಈ ಮಾತನ್ನು ನಾನು ಮುಂದೆ ಮತ್ತೆ ಎತ್ತುತ್ತೇನೆ.

ಕೋಟ ಅಮೃತೇಶ್ವರಿ, ಪೆರ್ಡೂರು, ಸಾಲಿಗ್ರಾಮ ಮೇಳಗಳಲ್ಲಿ ನಾವಡರು ದುಡಿದರು. ಹೆಚ್ಚು ಹೆಸರಾದದ್ದು ಪಳ್ಳಿ ಸೋಮನಾಥ ಹೆಗ್ಡೆಯವರ ಯಜಮಾನಿಕೆಯ ಸಾಲಿಗ್ರಾಮ ಮೇಳದಲ್ಲಿ. ಮದ್ದಳೆಗೆ ದುರ್ಗಪ್ಪ ಗುಡಿಗಾರರು, ಚಂಡೆಗೆ ಕೆಮ್ಮಣ್ಣು ಆನಂದರು ಇದ್ದ ಆ ಹಿಮ್ಮೇಳದ ಮಾತು ಬಂದರೆ ನಮ್ಮ ಊರಿನ ಹಿರಿಯರು ಚಹಾ ಆರಿದ್ದನ್ನೂ ಮರೆಯುತ್ತಾರೆ. ಕೆಮ್ಮಣ್ಣು ನಮಗೆ ಪಕ್ಕದ ಊರಿನ ಹಾಗೆ, ಅದರದೂ ಒಂದು ಹೆಮ್ಮೆ.

ಅದು ಡೇರೆ ಮೇಳಗಳ ಕಾಲ. ಹರಕೆಯ ಆಟವಾದರೆ ಖರ್ಚು ಸೇವಾಕರ್ತರದು, ನೋಡುವವರಿಗೆ ಬಿಟ್ಟಿ. ಡೇರೆ ಆಟಕ್ಕೆ ಟಿಕೆಟ್. ಜನ ದುಡ್ಡು ಕೊಟ್ಟು ಒಳಗೆ ಬರಬೇಕು, ಬಾರದಿದ್ದರೆ ಮೇಳ ಮುಚ್ಚಬೇಕು. ಎದುರಿಗೆ ಸಿನಿಮಾ ಟಾಕೀಸು ಇತ್ತು. ಎಪ್ಪತ್ತು ಎಂಬತ್ತರ ದಶಕದ ಯುವಕರು ಸೈಕಲ್ ಹತ್ತಿ ಸಿನಿಮಾಕ್ಕೆ ಹೋಗುತ್ತಿದ್ದರು. ಅದೇ ಯುವಕರನ್ನು ತಿರುಗಿ ಆಟದ ಡೇರೆಗೆ ಕರೆತಂದವರಲ್ಲಿ ನಾವಡರ ಹೆಸರು ಮೊದಲಿಗೆ ಬರುತ್ತದೆ. ವೇಷಧಾರಿಯ ಹೆಸರು ಕೇಳಿ ಆಟಕ್ಕೆ ಹೋಗುವುದು ಮೊದಲಿನಿಂದ ಇದ್ದ ಅಭ್ಯಾಸ. ಭಾಗವತರ ಹೆಸರು ಕೇಳಿ, ಅವರು ಪದ್ಯ ಹೇಳುವ ಹೊತ್ತಿಗೆ ಸರಿಯಾಗಿ ಬಂದು ಕೂರುವ ಜನ ಅವರಿಗಿದ್ದರು.

ಅವರು ಮಾಡಿದ ಹೊಸತು ಏನು? ಒಂದು, ರಾಗ. ಯಕ್ಷಗಾನದ ಪದ್ಯಗಳಿಗೆ ಒಪ್ಪುವ ಹಾಗೆ ಹಿಂದುಸ್ತಾನಿ ಸಂಗೀತದ ರಾಗಗಳನ್ನೂ ತಂದರು. ಅದುವರೆಗೆ ಭಾಗವತರು ಹೇಳದ ರಾಗಗಳ ಛಾಯೆ ಗದ್ದೆಯ ಆಟದಲ್ಲಿ ಕೇಳತೊಡಗಿತು. ಎರಡು, ಸ್ವರವನ್ನು ಬಳಸಿದ ರೀತಿ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಭಾಗವತರ ಸ್ವರ ಗದ್ದೆಯ ಆಚೆ ತುದಿಯಲ್ಲಿ ಕುಳಿತವನಿಗೂ ತಲುಪಬೇಕಿತ್ತು, ಆದ್ದರಿಂದ ಏರು ಶ್ರುತಿಯಲ್ಲಿ ಗಟ್ಟಿಯಾಗಿ ಹೇಳುವುದು ಅನಿವಾರ್ಯ. ಮೈಕು ಬಂದ ಮೇಲೆ ಪಿಸುಮಾತಿನಷ್ಟು ಮೆಲ್ಲನೆ ಹೇಳಿದರೂ ಎಲ್ಲರಿಗೂ ಕೇಳುತ್ತದೆ. ಈ ಸೌಲಭ್ಯದಿಂದ ಹಾಡಿನಲ್ಲಿ ಏನೇನು ಮಾಡಬಹುದು ಎಂದು ನಾವಡರು ಹುಡುಕಿದರು. ದುಃಖದ ಪದ್ಯದಲ್ಲಿ ಸ್ವರವನ್ನು ತಗ್ಗಿಸಿ, ಒಂದೇ ಸಾಲನ್ನು ನಾಲ್ಕು ಬಾರಿ ಹೇಳಿದರೆ ನಾಲ್ಕು ಬೇರೆ ಭಾವ. ಸ್ತ್ರೀವೇಷದವರಿಗೆ ಅಭಿನಯ ಮಾಡಲು ಅಷ್ಟು ಅವಕಾಶ. ಮೂರು, ಸಾಹಿತ್ಯ. ಪದ್ಯದ ಮಾತು ಅವರ ಬಾಯಲ್ಲಿ ಬಿಡಿಸಿ ಹೇಳಿದಷ್ಟು ಸ್ಪಷ್ಟ. ನನ್ನಂಥ ಹುಡುಗನಿಗೆ ಹಳೆಗನ್ನಡದ ಪದಗಳು ಅರ್ಥವಾಗದಿದ್ದರೂ ಪಾತ್ರಕ್ಕೆ ಸಂಕಟವಾಗಿದೆಯೋ ಸಿಟ್ಟು ಬಂದಿದೆಯೋ ಎಂಬುದು ಕ್ಯಾಸೆಟ್ ಕೇಳಿದರೇ ಗೊತ್ತಾಗುತ್ತಿತ್ತು.

ಡೇರೆ ಮೇಳಕ್ಕೆ ವರ್ಷ ವರ್ಷವೂ ಹೊಸ ಪ್ರಸಂಗ ಬೇಕು. ನಾವಡರು ಹಾಡುವುದರ ಜೊತೆಗೆ ಪ್ರಸಂಗಗಳನ್ನೂ ಬರೆದರು. ಅವುಗಳಲ್ಲಿ ನಾಗಶ್ರೀ ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾಯಿತು. ರಾಮಾಯಣ, ಮಹಾಭಾರತದ ಕಥೆಯಲ್ಲ, ಕಲ್ಪಿತ ಕಥೆ. ಪ್ರೀತಿ, ಅಗಲಿಕೆ, ಅಸೂಯೆ ಎಲ್ಲವೂ ಇರುವಂಥದು. ನಾಗಶ್ರೀಯ ಪದ್ಯಗಳನ್ನು ಸಿನಿಮಾ ಹಾಡಿನಂತೆ ಜನ ಗುನುಗಿದರು. ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸಿನಲ್ಲಿ ಅದರ ಕ್ಯಾಸೆಟ್ ಹಾಕುತ್ತಿದ್ದರಂತೆ. ಇಂದಿಗೂ ಆ ಪ್ರಸಂಗ ಆಡುತ್ತಾರೆ, ಜನ ಸೇರುತ್ತಾರೆ.

ಇಲ್ಲಿಂದ ನಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ಈ ಜಗಳ ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದಲ್ಲ, ಕರಾವಳಿಯ ಅನೇಕ ಮನೆಗಳಲ್ಲಿ ಇತ್ತು. ನನ್ನ ಸೋದರಮಾವ ನಾವಡರ ಕಟ್ಟಾ ಅಭಿಮಾನಿ. ಅವರ ಪದ್ಯ ಕೇಳಲು ಕುಕ್ಕಿಕಟ್ಟೆಯಿಂದ ನಡೆದು ಉಡುಪಿಗೆ ಹೋಗಿ, ಸಿಕ್ಕಿದ ಲಾರಿ ಹತ್ತಿ ಕುಂದಾಪುರದವರೆಗೆ ಹೋದವರು. ಅಪ್ಪ ಉಪ್ಪೂರರ ಕಾಲದ ಆಟ ನೋಡಿ ಬೆಳೆದವರು. ಅಪ್ಪನ ಪ್ರಕಾರ ಯಕ್ಷಗಾನದಲ್ಲಿ ಪದ್ಯ ಇರುವುದು ಕಥೆಗಾಗಿ. ಭಾಗವತರ ಆಲಾಪನೆ ಉದ್ದವಾಗಿ, ಜನ ಪದ್ಯಕ್ಕೆ ಚಪ್ಪಾಳೆ ತಟ್ಟಿ, ವೇಷಧಾರಿ ಕಾದು ನಿಂತರೆ ಅದು ಆಟವಲ್ಲ, ಕಛೇರಿ. ಪುರಾಣ ಬಿಟ್ಟು ಕಲ್ಪಿತ ಕಥೆ ಆಡುವುದನ್ನೂ ಅಪ್ಪ ಒಪ್ಪುತ್ತಿರಲಿಲ್ಲ. ಮಾವ ಬಂದರೆ ಊಟದ ಮೇಲೆ ಇದೇ ಚರ್ಚೆ. ಒಮ್ಮೊಮ್ಮೆ ಅಮ್ಮ ಟೇಪ್‌ರೆಕಾರ್ಡರನ್ನು ಎತ್ತಿಟ್ಟು ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದರು.

ಇಷ್ಟು ವಿರೋಧ ಇದ್ದ ಅಪ್ಪನೇ ನಾವಡರ ಆಟಕ್ಕೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಪದ್ಯಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದರು ಎಂಬುದು ನನಗೆ ಬಹಳ ದಿನ ಅರ್ಥವಾಗದ ವಿಷಯ. ಈಗ ಸ್ವಲ್ಪ ಅರ್ಥವಾಗಿದೆ ಎಂದುಕೊಳ್ಳುತ್ತೇನೆ. ನಾವಡರ ಧ್ವನಿಮುದ್ರಣಗಳನ್ನು ಈಗ ಹೆಡ್‌ಫೋನ್ ಹಾಕಿಕೊಂಡು, ಸ್ವರವನ್ನು ಬಿಟ್ಟು ತಾಳವನ್ನು ಮಾತ್ರ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ರಾಗ ಎಷ್ಟು ದೂರ ಹೋದರೂ ತಾಳ ಕದಲುವುದಿಲ್ಲ. ಆಲಾಪನೆ ಮುಗಿಸಿ ಅವರು ಪದ್ಯಕ್ಕೆ ಮರಳುವಾಗ ಸರಿಯಾದ ಎಣಿಕೆಗೆ ಬಂದು ಕೂರುತ್ತಾರೆ, ಚಂಡೆ ಅಲ್ಲಿ ಕಾದಿರುತ್ತದೆ. ಅದು ಉಪ್ಪೂರರ ಪಾಠ. ನಾನು ನನ್ನ ಕೆಲಸದಲ್ಲಿ ಕಲಿತದ್ದೂ ಇಷ್ಟೇ. ಹಳೆಯ ಪ್ರೋಗ್ರಾಮನ್ನು ಬದಲಾಯಿಸಬೇಕಾದರೆ ಅದು ಹೇಗೆ ನಡೆಯುತ್ತದೆ ಎಂದು ಪೂರ್ತಿ ತಿಳಿದವನೇ ಬದಲಾಯಿಸಬೇಕು. ತಿಳಿಯದವನು ಕೈ ಹಾಕಿದರೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ. ನಾವಡರು ಹಳೆಯದನ್ನು ತಿಳಿದು ಬದಲಾಯಿಸಿದವರು. ಅವರ ನಂತರ ಅವರ ಆಲಾಪನೆಯನ್ನು ಮಾತ್ರ ಹಿಡಿದು, ತಾಳದ ಕಷ್ಟವನ್ನು ಬಿಟ್ಟವರೂ ಬಂದರು. ಅಪ್ಪನ ಸಿಟ್ಟು ನಿಜವಾಗಿ ಇದ್ದದ್ದು ಅವರ ಮೇಲೆ. ನಾವಡರ ಮೇಲೆ ಇದ್ದದ್ದು ಮಗನ ಮೇಲೆ ಇರುವಂಥ ಮುನಿಸು. ಹಾಗಂತ ಅಪ್ಪ ಹೇಳಿದ್ದು ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಪದ್ಯ ಕೇಳಿ ಎದ್ದು ಹೋಗುವ ಜನ ಇಂದೂ ಇದ್ದಾರೆ. ಅವರಿಗೆ ಕಥೆ ಬೇಡ. ಆ ಅಭ್ಯಾಸ ಶುರುವಾದದ್ದು ಆ ಕಾಲದಲ್ಲೇ ಎಂಬುದನ್ನು ಅಭಿಮಾನಿಗಳೂ ಒಪ್ಪಬೇಕು.

ಗುರು ಉಪ್ಪೂರರು 1984ರಲ್ಲಿ ತೀರಿಕೊಂಡರು. ಆಗ ನಾವಡರಿಗೆ ಇಪ್ಪತ್ತಾರರ ಹತ್ತಿರದ ವಯಸ್ಸು. ಗುರುವಿನ ಹೆಸರು ಉಳಿಸುವ ಜವಾಬ್ದಾರಿ ಬಿದ್ದ ಶಿಷ್ಯರಲ್ಲಿ ಜನರ ಕಣ್ಣು ಹೆಚ್ಚು ಇದ್ದದ್ದು ಇವರ ಮೇಲೆ. ಮುಂದಿನ ಆರು ವರ್ಷ ಅವರ ಹೆಸರು ಏರುತ್ತಲೇ ಹೋಯಿತು. ಕರಾವಳಿಯಲ್ಲಿ ಮಾತ್ರವಲ್ಲ, ಉತ್ತರ ಕನ್ನಡದಲ್ಲಿ, ಘಟ್ಟದ ಮೇಲಿನ ಮಲೆನಾಡಿನ ಊರುಗಳಲ್ಲಿ, ಬೆಂಗಳೂರಿನಲ್ಲಿರುವ ನಮ್ಮೂರವರ ನಡುವೆಯೂ ಅವರ ಕ್ಯಾಸೆಟ್‌ಗಳು ಓಡಾಡಿದವು.

1990ರ ಮೇ 27. ಪತ್ತನಾಜೆ ಕಳೆದು ಎರಡು ಮೂರು ದಿನ ಆಗಿದ್ದಿರಬೇಕು. ತಿರುಗಾಟದ ಆರು ತಿಂಗಳ ನಿದ್ದೆಗೇಡು ಮುಗಿದು, ಕಲಾವಿದರು ಮನೆಯಲ್ಲಿ ಮಲಗಿ ಏಳುವ ದಿನಗಳು. ಆ ದಿನ ರಸ್ತೆ ಅಪಘಾತದಲ್ಲಿ ಕಾಳಿಂಗ ನಾವಡರು ತೀರಿಕೊಂಡರು. ಮೂವತ್ತೆರಡು ವರ್ಷ ತುಂಬಲು ಇನ್ನೂ ಹತ್ತು ದಿನ ಇತ್ತು. ಸುದ್ದಿ ಬಂದಾಗ ನಮ್ಮ ಅಪ್ಪ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದು, ಯಾರ ಹತ್ತಿರವೂ ಮಾತಾಡದೆ ಅಂಗಳದಲ್ಲಿ ಕುಳಿತಿದ್ದರಂತೆ. ಸಂಜೆ ಮಾವ ಬಂದರು. ಆ ದಿನ ಅವರಿಬ್ಬರ ನಡುವೆ ಚರ್ಚೆ ನಡೆಯಲಿಲ್ಲ ಎಂದು ಅಮ್ಮ ಈಗಲೂ ನೆನಪಿಸಿಕೊಳ್ಳುತ್ತಾರೆ.

ನನಗೀಗ ಮೂವತ್ತೈದು. ನಾವಡರು ಬದುಕಿದ್ದಕ್ಕಿಂತ ಮೂರು ವರ್ಷ ಹೆಚ್ಚೇ ಬದುಕಿದ್ದೇನೆ. ನನ್ನ ಕೆಲಸದಲ್ಲಿ ಮೂವತ್ತೆರಡು ಎಂದರೆ ಇನ್ನೂ ಕಲಿಯುವ ವಯಸ್ಸು, ತಂಡವೊಂದನ್ನು ಕೈಗೆ ಕೊಟ್ಟರೆ ಅದೇ ದೊಡ್ಡದು. ಎರಡು ದಶಕವೂ ತುಂಬದ ವೃತ್ತಿಯಲ್ಲಿ ಆ ಮನುಷ್ಯ ಬಡಗುತಿಟ್ಟಿನ ಭಾಗವತಿಕೆ ಎಂದರೆ ಹೇಗಿರಬೇಕು ಎಂಬ ಜನರ ಕಲ್ಪನೆಯನ್ನೇ ಬದಲಾಯಿಸಿ ಹೋದರು.

ಅವರು ಒಬ್ಬ ಗುರುವಾಗಿ ಕುಳಿತು ಪಾಠ ಹೇಳುವ ವಯಸ್ಸು ಬರಲೇ ಇಲ್ಲ. ಉಪ್ಪೂರರಿಗೆ ಸಿಕ್ಕಿದ ಆ ಕೊನೆಯ ಭಾಗ್ಯ ಇವರಿಗೆ ಸಿಗಲಿಲ್ಲ. ಆದರೂ ಅವರಿಂದ ಕಲಿತವರ ಸಂಖ್ಯೆ ಲೆಕ್ಕಕ್ಕೆ ಸಿಗದು. ತೊಂಬತ್ತರ ದಶಕದಲ್ಲಿ ಭಾಗವತಿಕೆ ಕಲಿಯಲು ಹೊರಟ ಹುಡುಗರು ಗುರುವಿನ ಮನೆಯಿಂದ ಬಂದ ಮೇಲೆ ನಾವಡರ ಕ್ಯಾಸೆಟ್ ಹಾಕಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ ಕಲಿತರು. ನಾವಡ ಶೈಲಿ ಎಂಬ ಮಾತೇ ಹುಟ್ಟಿಕೊಂಡಿತು. ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ. ಉಪ್ಪೂರರ ಇನ್ನೊಬ್ಬ ಶಿಷ್ಯ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ, ಅದೇ ಗುರುವಿನ ಪಾಠವನ್ನು ತಮ್ಮದೇ ದಾರಿಯಲ್ಲಿ ಮುಂದುವರಿಸಿದರು. 2024ರಲ್ಲಿ ಅವರೂ ಹೋದರು. ಆ ಸಾಲಿನ ಸ್ವರಗಳನ್ನು ಎದುರಿಗೆ ಕುಳಿತು ಕೇಳಿದವರು ಈಗ ನಮ್ಮ ತಂದೆ ತಾಯಂದಿರ ವಯಸ್ಸಿನವರು.

ಈಗ ನನ್ನ ತಪ್ಪಿನ ವಿಷಯ. ನಾನು ಎಂಟನೇ ತರಗತಿಯಲ್ಲಿದ್ದೆ. ಶಾಲಾ ವಾರ್ಷಿಕೋತ್ಸವಕ್ಕೆ ನಮ್ಮ ತಂಡದ ಡ್ಯಾನ್ಸಿಗೆ ಸಿನಿಮಾ ಹಾಡು ರೆಕಾರ್ಡ್ ಮಾಡಬೇಕಿತ್ತು. ಖಾಲಿ ಕ್ಯಾಸೆಟ್ ಕೊಳ್ಳಲು ದುಡ್ಡು ಇರಲಿಲ್ಲ. ಅಪ್ಪನ ಪೆಟ್ಟಿಗೆಯಿಂದ ಒಂದನ್ನು ತೆಗೆದೆ. ಹಳೆಯ ತೊಂಬತ್ತು ನಿಮಿಷದ ಕ್ಯಾಸೆಟ್. ಯಾರೂ ಅದರ ಮೇಲೆ ರೆಕಾರ್ಡ್ ಮಾಡಬಾರದೆಂದು ಅಪ್ಪ ಮೇಲಿನ ಅಂಚಿನ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದಿದ್ದರು. ಆ ತೂತಿಗೆ ಕಾಗದ ತುರುಕಿ ಮೇಲೆ ಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬ ವಿದ್ಯೆ ನನಗೆ ಗೊತ್ತಿತ್ತು. ನನ್ನ ಮೊದಲ ಇಂಜಿನಿಯರಿಂಗ್ ಕೆಲಸ ಅದೇ. ಡ್ಯಾನ್ಸು ಚೆನ್ನಾಗಿಯೇ ಆಯಿತು. ಒಂದು ಭಾನುವಾರ ಅಪ್ಪ ಆ ಕ್ಯಾಸೆಟ್ ಹಾಕಿದರು. ಉಡುಪಿಯ ಹತ್ತಿರ ನಡೆದ ಒಂದು ಡೇರೆ ಆಟದಲ್ಲಿ, ನಾವಡರು ಬೆಳಗಿನ ಜಾವ ಹೇಳಿದ ಪದ್ಯಗಳು ಅದರಲ್ಲಿ ಇದ್ದವಂತೆ. ಬಂದದ್ದು ಸಿನಿಮಾ ಹಾಡು. ಅಪ್ಪ ಬೈಯಲಿಲ್ಲ. ಕ್ಯಾಸೆಟ್ ಹೊರತೆಗೆದು, ಅಂಟಿಸಿದ ಟೇಪನ್ನು ನೋಡಿ, ಪೆಟ್ಟಿಗೆಯಲ್ಲಿ ಅದರ ಜಾಗದಲ್ಲೇ ಇಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪು ಇರುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಆ ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದೆ. ಹಳೆಯ ಪ್ಲೇಯರ್ ಒಂದನ್ನು ಹುಡುಕಿ, ಲ್ಯಾಪ್‌ಟಾಪಿಗೆ ಜೋಡಿಸಿ, ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಕೆಲವಕ್ಕೆ ಬೂಸ್ಟು ಹಿಡಿದಿತ್ತು, ಕೆಲವು ಮಧ್ಯದಲ್ಲಿ ಕಡಿದುಹೋದವು. ನಾನು ಹಾಳು ಮಾಡಿದ ಕ್ಯಾಸೆಟ್ಟನ್ನು ಕೊನೆಗೆ ಹಾಕಿದೆ. ಸಿನಿಮಾ ಹಾಡುಗಳು ಮುಗಿದ ಮೇಲೆ ಆ ಮಗ್ಗುಲಿನ ತುದಿಯಲ್ಲಿ ಮೂರು ನಿಮಿಷದಷ್ಟು ಹಳೆಯ ಧ್ವನಿ ಉಳಿದಿತ್ತು. ನಿಧಾನದ ಒಂದು ಪದ್ಯದ ಕೊನೆ, ಮದ್ದಳೆ, ದೂರದಲ್ಲಿ ಯಾರದೋ ಕೆಮ್ಮು. ಸ್ವರ ಮೇಲೇರಿ ಇಳಿದು ಬಂದು ಸರಿಯಾಗಿ ತಾಳಕ್ಕೆ ಸೇರುತ್ತದೆ. ಅಷ್ಟರಲ್ಲಿ ಟೇಪು ಮುಗಿಯುತ್ತದೆ. ಉಳಿದ ನಲವತ್ತು ನಿಮಿಷ ಆ ರಾತ್ರಿಯಲ್ಲಿ ಕುಳಿತು ಕೇಳಿದವರ ಹತ್ತಿರ ಇರಬಹುದು, ಅಥವಾ ಎಲ್ಲಿಯೂ ಇಲ್ಲದಿರಬಹುದು.

ಅದಕ್ಕಾಗಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಅಲೆವೂರು, ಮಣಿಪಾಲ, ಕಾಪು, ಕಾರ್ಕಳದ ಕಡೆಯ ಮನೆಗಳ ಅಟ್ಟದಲ್ಲಿ ಇಂಥ ಕ್ಯಾಸೆಟ್ ಪೆಟ್ಟಿಗೆಗಳು ಇನ್ನೂ ಇರಬಹುದು. ನಾವಡರದ್ದೇ ಆಗಬೇಕೆಂದಿಲ್ಲ. ಉಪ್ಪೂರರದ್ದಿರಲಿ, ತೆಂಕುತಿಟ್ಟಿನ ಭಾಗವತರದ್ದಿರಲಿ, ನಮ್ಮ ಶಾಲೆಯ ವಾರ್ಷಿಕೋತ್ಸವದ್ದೇ ಇರಲಿ. ಇನ್ನು ಕೆಲವು ಮಳೆಗಾಲ ಕಳೆದರೆ ಟೇಪು ಪುಡಿಯಾಗುತ್ತದೆ. ಸುವರ್ಣ ಮಹೋತ್ಸವದ ಎರಡೂ ದಿನ ನಾನು ಪ್ಲೇಯರ್ ಮತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ಕ್ಯಾಸೆಟ್ ತನ್ನಿ. ಇಳಿಸಿ, ಒಂದು ಪ್ರತಿಯನ್ನು ನಿಮಗೂ ಒಂದನ್ನು ಶಾಲೆಗೂ ಕೊಡುತ್ತೇನೆ, ಕ್ಯಾಸೆಟ್ಟನ್ನು ಹಾಗೆಯೇ ಹಿಂದೆ ಕೊಡುತ್ತೇನೆ. ಅಪ್ಪನ ಪೆಟ್ಟಿಗೆಯಿಂದ ಉಳಿದದ್ದನ್ನು ಆಗಲೇ ಶಾಲೆಗೆ ಒಪ್ಪಿಸಿದ್ದೇನೆ, ಆ ಮೂರು ನಿಮಿಷವೂ ಅದರಲ್ಲಿದೆ. ಈಗ ಎಂಟನೇ ತರಗತಿಯಲ್ಲಿರುವ ಮಕ್ಕಳು ಬಿಡುವಿದ್ದಾಗ ಒಮ್ಮೆ ಕೇಳಲಿ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು.